ಒಳಹಾಸು

ತಬ್ರೀಜಿನ ಪೇಟೆಯಲ್ಲಿ ನನ್ನದು ತೂತು ಮುಚ್ಚುವ ಕೆಲಸ.
ನೇಯುವವರು ಬೇರೆ.
ನುಸಿ ತಿಂದ ರತ್ನಗಂಬಳಿ, ಕೆಂಡ ಬಿದ್ದದ್ದು,
ಪಾಲಾಗುವ ದಿನ ಸಿಟ್ಟಿಗೆ ಅಣ್ಣತಮ್ಮಂದಿರು ಕತ್ತರಿಸಿದ್ದು,
ಎಲ್ಲ ತಂದು ನನ್ನ ಮುಂದೆ ಒಗೆಯುತ್ತಾರೆ.
ಹಾಸು ಉಳಿದಿದೆಯೇ, ಅದೊಂದೇ ನಾನು ನೋಡುವುದು.
ಹಾಸಿದ್ದರೆ ಹೊಕ್ಕು ಬರುತ್ತದೆ, ಗಂಟು ಬರುತ್ತದೆ,
ಹೂವು ತಾನಾಗಿ ಬರುತ್ತದೆ.

ಎರಡನೆಯದೂ ಮೂರು ತಿಂಗಳಿಗೆ ಇಳಿದುಹೋದಾಗ
ಆಸ್ಪತ್ರೆಯಲ್ಲಿ ಕೆರೆದು ಸ್ವಚ್ಛ ಮಾಡಿದರು.
ಎಷ್ಟು ಸ್ವಚ್ಛ ಅಂದರೆ
ಹಾಸೂ ಹೋಯಿತು.
ಆಮೇಲೆ ಮುಟ್ಟಿಲ್ಲ. ಹನ್ನೊಂದು ತಿಂಗಳು. ಹದಿನಾರು.
ಗೋಡೆಗೆ ಗೋಡೆ ಅಂಟಿಕೊಂಡಿದೆ ಎಂದರು ಡಾಕ್ಟರ್ ಫುರೂಜಂದೆ,
ಒದ್ದೆಯಲ್ಲೇ ಮಡಿಸಿಟ್ಟ ಚಾಪೆಯ ಹಾಗೆ.
ಆ ವರ್ಷ ರಂಜಾನಿನ ಮೂವತ್ತೂ ಉಪವಾಸ ಮುಗಿಸಿದೆ,
ಒಂದು ದಿನವೂ ಬಾಕಿ ಉಳಿಯಲಿಲ್ಲ.
ಅತ್ತೆ ಮೆಚ್ಚಿದಳು.
ನಲ್ಲಿ ಬಿಟ್ಟುಕೊಂಡು ನಾನು ಅತ್ತೆ.

ತಂಗಿ ಸೋಲ್ಮಾಜ್. ನಮ್ಮ ಮಾತಿನಲ್ಲಿ ಬಾಡದವಳು ಅಂತ.
ಅವಳದು ತಿರುವುಮುರುವು:
ಒಳಗಿರಬೇಕಾದದ್ದು ಹೊಸ್ತಿಲು ದಾಟಿ
ಅಂಡಾಶಯದ ಮೇಲೆ, ಕರುಳಿನ ಮೇಲೆ
ವಿಳಾಸ ತಪ್ಪಿ ಬೇರುಬಿಟ್ಟಿದೆ.
ಅಲ್ಲಲ್ಲೇ ತಿಂಗಳು ತಿಂಗಳೂ ಮುಟ್ಟಾಗುತ್ತದೆ,
ಹೊರಬರಲು ಬಾಗಿಲಿಲ್ಲ.
ಬ್ಯಾಂಕಿನ ಗಾಜಿನ ಹಿಂದೆ ಒಂದು ಕೈಯಲ್ಲಿ ಮೇಜಿನಂಚು ಹಿಡಿದು
ಇನ್ನೊಂದರಲ್ಲಿ ನೋಟು ಎಣಿಸುತ್ತಾಳೆ.
ಮದುವೆಯಾದರೆ ಸರಿಹೋಗುತ್ತದೆ ಅಂದಿದ್ದರು.
ಆದಳು. ಹೋಗಲಿಲ್ಲ.

ಕಾಯುವ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ.
"ಅಕ್ಕಾ, ನನ್ನದರಲ್ಲೊಂದು ಮೊಳ ಕತ್ತರಿಸಿ ನಿನಗೆ ಹೊಲಿದುಕೊ."
ನಕ್ಕೂ ನಕ್ಕೂ ಅವಳ ಹೊಟ್ಟೆ ಹಿಡಿಯಿತು,
ನಿಜವಾಗಿ ಹಿಡಿಯಿತು,
ನರ್ಸು ಓಡಿಬಂದಳು.

ಡಾಕ್ಟರ್ ಔಷಧಿ ಚೀಟಿಯ ಹಿಂದೆ ಒಂದು ಚುಕ್ಕಿ ಇಟ್ಟರು:
ಕಾಂಡಕೋಶ. ಇನ್ನೂ ಏನೂ ಆಗದ್ದು,
ಏನು ಬೇಕಾದರೂ ಆಗಬಲ್ಲದ್ದು. ಅಲ್ಲ,
ಕೆಲವಷ್ಟೇ ಆಗಬಲ್ಲದ್ದು, ಎಂದು ತಿದ್ದಿಕೊಂಡರು.
ನನ್ನಲ್ಲಿ ಅದು ಉಳಿದಿಲ್ಲ. ತಂಗಿಯಲ್ಲಿ ಅದೇ ಅಲೆಮಾರಿ, ಬಹುಶಃ.
"ಹಾಗಾದರೆ ಅದು ಮದ್ದೋ ರೋಗವೋ?" ಸೋಲ್ಮಾಜ್ ಕೇಳಿದಳು.
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
"ಅದನ್ನೇ ಹುಡುಕುತ್ತಿದ್ದೇವೆ.
ನಿನ್ನದಕ್ಕೆ ಇನ್ನೂ ಇಲಿಗಳ ಸರದಿ.
ಅಕ್ಕ ಬೇಕಾದರೆ ಸಹಿ ಹಾಕಬಹುದು."
ಭರವಸೆಯಿಲ್ಲ ಎಂಬ ಸಾಲಿನ ಕೆಳಗೇ ಸಹಿಯ ಜಾಗ.

ಅಂಟಿದ್ದನ್ನು ಬಿಡಿಸಿ, ಸೊಂಟದೆಲುಬಿಗೆ ಸೂಜಿ ಇಳಿಸಿ
ಮಜ್ಜೆ ಎಳೆದರು.
ಈ ವಿದ್ಯೆ ನನಗೆ ಗೊತ್ತು:
ಹಳೆ ಕಂಬಳಿಗೆ ಹೊಸ ಉಣ್ಣೆ ಒಗ್ಗುವುದಿಲ್ಲ,
ಬಣ್ಣ ಕಿರುಚುತ್ತದೆ.
ಅದರದೇ ಅಂಚಿನಿಂದ, ಯಾರೂ ತುಳಿಯದ ಮೂಲೆಯಿಂದ
ಎರಡೆಳೆ ಕದ್ದು ನಡುವಿಗೆ ಕಟ್ಟಬೇಕು.
ಆಮೇಲೆ ಸುಮ್ಮನಿರಬೇಕು. ಅದು ನನಗೆ ಬಾರದು.

ಸಹಂದ್ ಬೆಟ್ಟದ ಹಿಮ ತೆಳುವಾಯಿತು.
ನಾಲ್ಕನೇ ತಿಂಗಳು, ಒಂದು ಮಂಗಳವಾರ,
ಮಂಡಿಯ ಮೇಲೆ ಯಾರದೋ ಮದುವೆಯ ಕಂಬಳಿ,
ಮಂಜಿಷ್ಠದ ಕೆಂಪು.
ಚಹಾಕ್ಕೆಂದು ಎದ್ದರೆ ಕೂತ ದಿಂಬಿನ ಮೇಲೆ
ಬಾದಾಮಿಯಷ್ಟು ಒಂದು ಕಲೆ.
ಬಣ್ಣ ಬಿಟ್ಟಿತೆಂದು ರಂಗಿನವನನ್ನು ಬೈದೆ, ಅವನಪ್ಪನನ್ನೂ.
ಬಗ್ಗಿ ಬೆರಳಿಂದ ಮುಟ್ಟಿದೆ.
ಬಿಸಿ.
ಮುಟ್ಟು.

ಫೋನು ಹಚ್ಚಿ "ಬಂತು" ಅಂದೆ.
ಆ ಕಡೆ ನೋಟೆಣಿಸುವ ಯಂತ್ರದ ಸದ್ದು.
"ನನಗೂ" ಅಂದಳು, ಹಲ್ಲು ಕಚ್ಚಿ,
"ಇವತ್ತೇ."
ಇಬ್ಬರೂ ಸ್ವಲ್ಪ ಹೊತ್ತು ಫೋನು ಇಡಲಿಲ್ಲ.

ಕೂಸಿನ ಮಾತು ಯಾರೂ ಎತ್ತಿಲ್ಲ, ನಾನೂ.
ಪದರ ಆರು ಮಿಲಿಮೀಟರ್, ಇನ್ನೂ ಬೆಳೆಯಬೇಕಂತೆ,
ಬೆಳೆಯದೆಯೂ ಇರಬಹುದಂತೆ.
ಈ ಸಲದ ರಂಜಾನಿನಲ್ಲಿ ದೇವರಿಗೆ ಐದು ಉಪವಾಸ ಬಾಕಿ ನಾನು.
ಚಳಿಗಾಲದಲ್ಲಿ ತೀರಿಸು, ಹಗಲು ಗಿಡ್ಡ, ಅಂತ
ಸೋಲ್ಮಾಜಳೇ ಹೇಳಿಕೊಟ್ಟಳು,
ಸಾಲದ ಲೆಕ್ಕ ಗೊತ್ತು ಅವಳಿಗೆ,
ಬ್ಯಾಂಕಿನವಳಲ್ಲವೇ.